ಸ್ಟೈಪೆಂಡ್ ಮಾತ್ರ ಯಾಕೆ ನಿಂತಲ್ಲೇ ನಿಂತಿದೆ?

2024ರ ಜನವರಿ 12ರಂದು ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲಿ, ಅಂದರೆ ಹಳೇ ಜೈಲಿನ ಬಯಲಿನಲ್ಲಿ, ಮುಖ್ಯಮಂತ್ರಿ ಸಿದ್ದರಾಮಯ್ಯ ಯುವನಿಧಿ ಯೋಜನೆಗೆ ಚಾಲನೆ ಕೊಟ್ಟರು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಷರತ್ತುಗಳ ಪಟ್ಟಿಯಲ್ಲಿ ಒಂದು ಸಾಲಿತ್ತು: ಅಪ್ರೆಂಟಿಸ್ ವೇತನ ಪಡೆಯುತ್ತಿರುವವರು ಅರ್ಜಿ ಹಾಕುವಂತಿಲ್ಲ. ಸಂಪಾದನೆ ಇದ್ದವರಿಗೆ ನಿರುದ್ಯೋಗ ಭತ್ಯೆ ಯಾಕೆ ಎಂಬ ವಾದ ಒಪ್ಪುವಂಥದ್ದೇ. ಆದರೆ ಅದೇ ಅಪ್ರೆಂಟಿಸ್ ಹುಡುಗ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿ ಕನಿಷ್ಠ ವೇತನ ಕೇಳಿದರೆ, ‘ನೀನು ಕಾರ್ಮಿಕನೇ ಅಲ್ಲವಲ್ಲಪ್ಪ, ಕೆಲಸ ಕಲಿಯುವವನು’ ಎಂಬ ಉತ್ತರ ಸಿಗುತ್ತದೆ. ಯುವನಿಧಿಯ ಲೆಕ್ಕಕ್ಕೆ ಅವನು ಸಂಪಾದಿಸುವವನು, ಕನಿಷ್ಠ ವೇತನದ ಲೆಕ್ಕಕ್ಕೆ ವಿದ್ಯಾರ್ಥಿ. ಎರಡೂ ಕಡೆ ನಷ್ಟ ಅವನದೇ.

ಈ ಎಡಬಿಡಂಗಿ ಸ್ಥಿತಿಗೆ ಮೂಲ 1961ರ ಅಪ್ರೆಂಟಿಸ್ ಕಾಯ್ದೆ. 1962ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ 18ನೇ ಸೆಕ್ಷನ್ ಎರಡೇ ಮಾತಿನಲ್ಲಿ ವಿಷಯ ಮುಗಿಸುತ್ತದೆ: ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಕನಿಷ್ಠ ವೇತನವಿಲ್ಲ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಇಲ್ಲ. ಕೈಗೆ ಬರುವುದು ಸ್ಟೈಪೆಂಡ್ ಮಾತ್ರ. ಅದನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ.

ಇದನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಕಸುಬು ಕಲಿತೇ ಬೆಳೆದ ಊರು ಭದ್ರಾವತಿ. 1918ರಲ್ಲಿ ಯೋಜನೆ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಸಿದ್ಧ ಕೈಗಳು ಸುತ್ತಮುತ್ತ ಎಲ್ಲೂ ಇರಲಿಲ್ಲ. ಕಾಡಿನ ಸೌದೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕುಲುಮೆ ನಡೆಸುವ ವಿದ್ಯೆ ಕಲಿತವರು ಮಲೆನಾಡಿನಲ್ಲಿ ಎಲ್ಲಿಂದ ಬರಬೇಕು? ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ಸರ್ ಎಂ. ವಿಶ್ವೇಶ್ವರಯ್ಯ ಹೊರಗಿನ ಪರಿಣತರ ಮೇಲೆ ಕಾರ್ಖಾನೆ ಒರಗಿರುವುದನ್ನು ತಪ್ಪಿಸಲು ಸ್ಥಳೀಯರನ್ನು ತಯಾರು ಮಾಡುವುದಕ್ಕೆ ಹೊರಟರು. ಆ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯನ್ನೂ ಜೇಬಿಗೆ ಹಾಕಿಕೊಳ್ಳಲಿಲ್ಲ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯ ಬೇರು ಭದ್ರಾವತಿಯ ಆ ದುಡ್ಡಿನಲ್ಲಿದೆ. ತರಬೇತಿಗೆ ಯಾರೋ ಒಬ್ಬರು ಹಣ ಹಾಕಲೇಬೇಕು, ಅದು ಕಲಿಯುವ ಹುಡುಗನ ಹೊಟ್ಟೆಯಿಂದ ಬರಬಾರದು ಎಂಬುದು ಅಂದು ಯಾರಿಗೂ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ.

ಇಂದು ಚಿತ್ರ ಬೇರೆ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ, ಊರವರ ಬಾಯಲ್ಲಿ ಎಂಪಿಎಂ, ದಶಕದ ಹಿಂದೆಯೇ ಉತ್ಪಾದನೆ ನಿಲ್ಲಿಸಿದೆ. ಪೇಪರ್‌ಟೌನ್ ಹೆಸರಿಗೆ ಮಾತ್ರ ಪೇಪರ್‌ಟೌನ್. ಅದೇ ಹಳೇ ಕಬ್ಬಿಣದ ಕಾರ್ಖಾನೆ, ಅಂದರೆ ಈಗಿನ ವಿಐಎಸ್‌ಎಲ್ ಅನ್ನು ಮುಚ್ಚುವ ತೀರ್ಮಾನವನ್ನು ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಕೈಗೊಂಡಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಸದ್ದು ಮಾಡಿತು. 2024ರ ಜೂನ್‌ನಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಬಂದು ಪುನಶ್ಚೇತನದ ಭರವಸೆ ಕೊಟ್ಟು ಹೋದರು. ಎರಡೂ ಕಾರ್ಖಾನೆಗಳು ಹೀಗೆ ಕುಂಟುತ್ತಿರುವಾಗ ಐಟಿಐ ಮುಗಿಸಿದ ಭದ್ರಾವತಿಯ ಹುಡುಗ ಬಸ್ಸು ಹತ್ತುವುದು ಮಾಚೇನಹಳ್ಳಿಗೆ. ಬಿ.ಎಚ್. ರಸ್ತೆಯಲ್ಲಿ ಎರಡೂ ಊರುಗಳ ನಡುವೆ ಇರುವ ಈ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳಿವೆ, ಮಷಿನ್ ಶಾಪ್‌ಗಳಿವೆ, ಗಾರ್ಮೆಂಟ್ಸ್ ಇದೆ. ಅದೂ ಬೇಡವೆಂದರೆ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನ ಗ್ಯಾರೇಜುಗಳು, ಕೆಎಸ್‌ಆರ್‌ಟಿಸಿ ಡಿಪೊ, ಮೆಸ್ಕಾಂ.

ಇಂಥ ಒಂದು ಫೌಂಡ್ರಿಯ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. ಇಬ್ಬರದೂ ಫಿಟ್ಟರ್ ಟ್ರೇಡು, ಇಬ್ಬರ ಮುಖದ ಮೇಲೂ ಅದೇ ಮರಳಿನ ಧೂಳು. ಎರಕ ತಣ್ಣಗಾದ ಮೇಲೆ ಅಚ್ಚು ಒಡೆದು, ಅಂಚಿನ ಮುಳ್ಳನ್ನು ಗ್ರೈಂಡರ್ ಹಿಡಿದು ತೆಗೆಯುತ್ತಾರೆ. ಒಬ್ಬ ಕೈಗವಸು ಬಿಚ್ಚಿ ಪೀಸು ಎಣಿಸಿ ಜಾಬ್ ಕಾರ್ಡಿನಲ್ಲಿ ಬರೆದರೆ ಇನ್ನೊಬ್ಬ ಟ್ರಾಲಿ ತಳ್ಳುತ್ತಾನೆ. ಮೊದಲನೆಯವನ ಹೆಸರು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿದೆ, ಮಾಲೀಕನೂ ಅವನೂ ಸಹಿ ಹಾಕಿದ ಒಪ್ಪಂದಕ್ಕೆ ನೋಂದಣಿ ಸಂಖ್ಯೆ ಇದೆ. ಎರಡನೆಯವನ ಬಳಿ ಇರುವುದು ಆಫೀಸಿನಲ್ಲಿ ಟೈಪ್ ಮಾಡಿ ಕೊಟ್ಟ ಅರ್ಧ ಪುಟದ ಪತ್ರ. ‘ಟ್ರೈನಿ’ ಎಂದು ಅದರಲ್ಲಿ ಬರೆದಿದೆ, ಕೆಳಗೊಂದು ಸೀಲು. ನೋಡುವವರಿಗೆ ಇಬ್ಬರೂ ಒಂದೇ. ಕಾನೂನಿನ ಕಣ್ಣಿಗೆ ಮಾತ್ರ ಎರಡನೆಯವನು ಪೂರಾ ಕಾರ್ಮಿಕ.

ಬಹಳ ಜನ ಎಡವುವುದು ಇಲ್ಲೇ. ಕನಿಷ್ಠ ವೇತನದಿಂದ ವಿನಾಯಿತಿ ಸಿಗುವುದು ‘ಟ್ರೈನಿ’ ಎಂದು ಕರೆದುಬಿಟ್ಟರೆ ಅಲ್ಲ, 1961ರ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡು ನೋಂದಾಯಿಸಿದರೆ ಮಾತ್ರ. ಇಎಸ್‌ಐ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿತು: 1961ರ ಕಾಯ್ದೆಯಡಿ ಬಾರದ ಅಪ್ರೆಂಟಿಸ್ ಎಂದರೆ ನೌಕರನೇ, ಇಎಸ್‌ಐ ಕಟ್ಟಲೇಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ‘ನೌಕರ’ ಎಂಬುದರಿಂದ ಹೊರಗಿಡುವುದು 1961ರ ಕಾಯ್ದೆಯ ಅಪ್ರೆಂಟಿಸ್‌ಗಳನ್ನು ಮಾತ್ರ.

ಹಿಂದೆ ಇಲ್ಲೊಂದು ಕಂಡಿಯಿತ್ತು. ಅದರ ಕಥೆ ನಡೆದದ್ದು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಸಂಸ್ಥೆಯಲ್ಲಿ, ಮಂಗಳೂರಿನ ಕ್ಯಾಂಪ್ಕೊದಲ್ಲಿ. ಅಲ್ಲಿನ ತರಬೇತಿದಾರರಿಗೆ ಪಿಎಫ್ ಕಟ್ಟಬೇಕೆಂದು ಭವಿಷ್ಯ ನಿಧಿ ಇಲಾಖೆ ಹಟ ಹಿಡಿಯಿತು. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾರ್ಖಾನೆಯ ಸ್ಥಾಯಿ ಆದೇಶದ ಪ್ರಕಾರ ತೆಗೆದುಕೊಂಡ ತರಬೇತಿದಾರರೂ ಅಪ್ರೆಂಟಿಸ್‌ಗಳೇ, ಅವರಿಗೆ ಪಿಎಫ್ ಕಟ್ಟಬೇಕಿಲ್ಲ ಎಂದು 2006ರಲ್ಲಿ ತೀರ್ಪು ಬಂತು. ಪಿಎಫ್ ಕಾಯ್ದೆಯಲ್ಲಿ ಆಗ ಸ್ಥಾಯಿ ಆದೇಶದ ಅಪ್ರೆಂಟಿಸ್‌ಗಳಿಗೂ ವಿನಾಯಿತಿ ಬರೆದಿದ್ದರಿಂದ ಆ ತೀರ್ಪು ಸಹಜ. ಅದನ್ನೇ ಗುರಾಣಿ ಮಾಡಿಕೊಂಡು ಕನಿಷ್ಠ ವೇತನಕ್ಕೂ ವಿನಾಯಿತಿ ಇದೆಯೆಂದು ವಾದಿಸುವವರು ವೇತನ ಸಂಹಿತೆಯ ಪಠ್ಯವನ್ನೊಮ್ಮೆ ಓದಬೇಕು. ಅಲ್ಲಿ ಸ್ಥಾಯಿ ಆದೇಶದ ಸುದ್ದಿಯೇ ಇಲ್ಲ. ಬಾಕಿ ವೇತನಕ್ಕೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು, ಕೂಲಿ ಕೊಟ್ಟಿದ್ದೇವೆಂದು ಸಾಬೀತು ಮಾಡುವ ಹೊರೆ ಮಾಲೀಕನ ಮೇಲೆ ಎಂಬ ಮಾತುಗಳಂತೂ ಇವೆ.

ಇನ್ನು ನೋಂದಾಯಿತ ಹುಡುಗನ ಕಡೆಗೆ ಬರೋಣ. ಅವನ ಪಾಡು ಬೇರೆ.

2019ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ ತಿಂಗಳ ಕನಿಷ್ಠ ಸ್ಟೈಪೆಂಡ್ ಹೀಗಿತ್ತು: ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ 5,000 ರೂಪಾಯಿ, ಹತ್ತನೇ ತರಗತಿಯವರಿಗೆ 6,000, ಪಿಯುಸಿಯವರಿಗೂ ಐಟಿಐ ಪ್ರಮಾಣಪತ್ರ ಇದ್ದವರಿಗೂ 7,000, ಡಿಪ್ಲೊಮಾಕ್ಕೆ 8,000, ಪದವೀಧರರಿಗೆ 9,000. ಎರಡನೇ ವರ್ಷಕ್ಕೆ ಶೇ 10ರಷ್ಟು, ಮೂರನೇ ವರ್ಷಕ್ಕೆ ಮತ್ತೆ ಶೇ 15ರಷ್ಟು ಏರಿಕೆ. ಫಿಟ್ಟರ್ ಹುಡುಗನ 7,000ವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ಮುನ್ನೂರು ರೂಪಾಯಿಯೂ ಇಲ್ಲ. ಶಿಕಾರಿಪುರ, ಸೊರಬದ ಕಡೆಯಿಂದ ಬಂದು ಶಿವಮೊಗ್ಗದಲ್ಲಿ ರೂಮು ಮಾಡಿದವನಿಗೆ ಬಾಡಿಗೆ, ಮೆಸ್ಸು, ಬಸ್ಸು ಕಳೆದು ಏನು ಉಳಿಯುತ್ತದೆ ಎಂದು ಕೇಳುವುದೂ ದಂಡ. ಊರಿಂದ ಅಪ್ಪನೇ ದುಡ್ಡು ಕಳಿಸುತ್ತಾನೆ. ಇತ್ತ ರಾಜ್ಯದಲ್ಲಿ ಅಂಗಡಿ, ಎಂಜಿನಿಯರಿಂಗ್ ಘಟಕಗಳ ಕನಿಷ್ಠ ವೇತನ 12 ಸಾವಿರ ದಾಟಿ ಹೋಗಿದೆ.

ಕಲಿಯುವವನಿಗೆ ಕಲಿತವನಷ್ಟೇ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಮೊದಲ ಆರು ತಿಂಗಳು ಅವನು ಹಾಳು ಮಾಡುವ ಮಾಲು, ಸೀನಿಯರ್ ಫಿಟ್ಟರ್ ಅವನ ಹಿಂದೆ ನಿಂತು ಕಳೆಯುವ ಹೊತ್ತು, ಎಲ್ಲಕ್ಕೂ ಬೆಲೆಯಿದೆ. ಪ್ರಶ್ನೆ ಇರುವುದು ಬೇರೆ ಕಡೆ: ಕನಿಷ್ಠ ವೇತನ ಪ್ರತಿ ವರ್ಷ ಏರುವಾಗ ಸ್ಟೈಪೆಂಡ್ ಮಾತ್ರ ಯಾಕೆ ಕದಲುವುದಿಲ್ಲ?

ಉತ್ತರ 2014 ಮತ್ತು 2019ರ ನಡುವೆ ಇದೆ. 2014ರ ನಿಯಮದಲ್ಲಿ ಸ್ಟೈಪೆಂಡ್‌ಗೆ ಸ್ವಂತ ಅಂಕಿಯೇ ಇರಲಿಲ್ಲ. ರಾಜ್ಯ ಸರ್ಕಾರ ಅರೆಕುಶಲ ಕಾರ್ಮಿಕನಿಗೆ ನಿಗದಿ ಮಾಡಿದ ಕನಿಷ್ಠ ವೇತನದ ಶೇ 70 ಮೊದಲ ವರ್ಷ, ಶೇ 80 ಎರಡನೇ ವರ್ಷ, ಶೇ 90 ಮೂರನೇ ವರ್ಷ ಎಂದಷ್ಟೇ ಇತ್ತು. ಕೈ ಪಳಗಿದ ಹಾಗೆ ಪೂರ್ತಿ ಕೂಲಿಯ ಹತ್ತಿರಕ್ಕೆ ಬರುವ ಲೆಕ್ಕ. ರಾಜ್ಯದ ದರ ಏರಿದರೆ ಸ್ಟೈಪೆಂಡೂ ತಾನಾಗಿ ಏರುತ್ತಿತ್ತು, ಯಾರ ಮುಂದೆಯೂ ಕೈಚಾಚುವ ಅಗತ್ಯ ಇರಲಿಲ್ಲ. 2019ರಲ್ಲಿ ಆ ಕೊಂಡಿ ಕಳಚಿತು. ದೇಶಕ್ಕೆಲ್ಲ ಒಂದೇ ದರ ಬಂತು, ಓದಿಗೆ ತಕ್ಕಂತೆ ಮೆಟ್ಟಿಲುಗಳಾದವು. ಕನಿಷ್ಠ ವೇತನ ತೀರಾ ಕಡಿಮೆ ಇದ್ದ ರಾಜ್ಯಗಳಲ್ಲಿ ಅಂದು ಅದರಿಂದ ಲಾಭವೂ ಆಗಿರಬಹುದು. ಕರ್ನಾಟಕದ ಹುಡುಗರಿಗೆ ಅದು ವರ್ಷ ವರ್ಷವೂ ದೊಡ್ಡದಾಗುವ ಖೋತಾ. ಅರೆಕುಶಲ ಕಾರ್ಮಿಕನ ಕನಿಷ್ಠ ವೇತನ 13 ಸಾವಿರ ಎಂದೇ ಇಟ್ಟುಕೊಳ್ಳಿ. ಹಳೇ ಸೂತ್ರದಲ್ಲಿ ಮೊದಲ ವರ್ಷ 9,100, ಎರಡನೇ ವರ್ಷ 10,400, ಮೂರನೇ ವರ್ಷ 11,700 ಆಗುತ್ತಿತ್ತು. 2019ರ ದರದಲ್ಲಿ ಐಟಿಐ ಹುಡುಗನಿಗೆ ಮೊದಲ ವರ್ಷ 7,000, ಎರಡನೇ ವರ್ಷ 7,700.

ಬೆಲೆ ಏರಿಕೆಗೆ ತಕ್ಕ ಹೆಚ್ಚಳ ಅಂದರೆ ಏನೆಂಬುದು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ರಂದು ಬೆಲೆ ಸೂಚ್ಯಂಕದ ಪ್ರಕಾರ ತುಟ್ಟಿಭತ್ಯೆ ಏರುತ್ತದೆ. 2020ರ ಕೋವಿಡ್ ಸಮಯದಲ್ಲಿ ಅದನ್ನು ಒಂದು ವರ್ಷ ಮುಂದೂಡಲು ಸರ್ಕಾರ ಆದೇಶ ಹೊರಡಿಸಿತು. ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ ಅಷ್ಟೇ. ಕಾರ್ಮಿಕ ಸಂಘಟನೆಗಳು ಬಿಡಲಿಲ್ಲ, ಹೈಕೋರ್ಟಿಗೆ ಹೋದವು, ಆದೇಶಕ್ಕೆ ತಡೆ ತಂದವು. ಅಪ್ರೆಂಟಿಸ್‌ಗೆ ಅಂಥ ಜಗಳ ಕಾಯುವುದಕ್ಕೆ ತುಟ್ಟಿಭತ್ಯೆಯೇ ಇಲ್ಲ, ಸಂಘವೂ ಇಲ್ಲ. ಒಂದೋ ಎರಡೋ ವರ್ಷಕ್ಕೆ ಬಂದು ಹೋಗುವವನು ಯಾವ ಯೂನಿಯನ್ ಕಟ್ಟಿಯಾನು?

ಅಪ್ರೆಂಟಿಸ್‌ಗೂ ಕನಿಷ್ಠ ಕೂಲಿ ಎಂಬುದು ಹೊಸ ಬೇಡಿಕೆಯೂ ಅಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ ಮೂರನೇ ಸೆಕ್ಷನ್‌ನಲ್ಲೇ ವಯಸ್ಕರು, ಹದಿಹರೆಯದವರು, ಅಪ್ರೆಂಟಿಸ್‌ಗಳಿಗೆ ಬೇರೆ ಬೇರೆ ದರ ಗೊತ್ತು ಮಾಡಲು ಅವಕಾಶವಿತ್ತು. ಬ್ರಿಟನ್ನಿನ ರಾಷ್ಟ್ರೀಯ ಕನಿಷ್ಠ ವೇತನದಲ್ಲಿ ಅಪ್ರೆಂಟಿಸ್‌ಗೇ ಒಂದು ದರವಿದೆ. 2025ರ ಏಪ್ರಿಲ್‌ನಲ್ಲಿ ಅದು ಗಂಟೆಗೆ 7.55 ಪೌಂಡ್ ಆಯಿತು, ವರ್ಷ ವರ್ಷ ಪರಿಷ್ಕರಣೆಯಾಗುತ್ತದೆ. ಕಸುಬು ಕಲಿಸುವುದರಲ್ಲಿ ಎಲ್ಲರೂ ಉದಾಹರಣೆ ಕೊಡುವ ಜರ್ಮನಿ 2020ರಿಂದ ಕನಿಷ್ಠ ತರಬೇತಿ ಭತ್ಯೆಯನ್ನು ಕಾನೂನಿನಲ್ಲೇ ಬರೆದು, ಪ್ರತಿ ವರ್ಷ ಏರಿಸುತ್ತ ಬಂದಿದೆ. ನಮ್ಮಲ್ಲಿ ಜರ್ಮನಿಯ ಮಾದರಿ ಬೇಕು ಎನ್ನುವ ಭಾಷಣಗಳಿಗೆ ಬರವಿಲ್ಲ. ಭತ್ಯೆಯ ಪುಟ ಬಂದಾಗ ಮಾತ್ರ ಭಾಷಣ ಮುಗಿದಿರುತ್ತದೆ.

ಮಾಲೀಕರ ಮಾತನ್ನೂ ಕೇಳಬೇಕು. ಹುಡುಗನಿಗೆ ಕೆಲಸ ಕಲಿಸುವುದು ನಾವು, ಕಲಿತ ಮರುದಿನ ಅವನು ಪೀಣ್ಯದ ಬಸ್ಸು ಹತ್ತುತ್ತಾನೆ ಎಂಬ ಅವರ ದೂರಿನಲ್ಲಿ ಹುರುಳಿದೆ. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕು. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರವೇ ಭರಿಸುತ್ತದೆ. 2023ರಿಂದ ಅದು ನೇರ ಹುಡುಗನ ಖಾತೆಗೆ ಬೀಳುತ್ತದೆ. ಪದವೀಧರ, ಡಿಪ್ಲೊಮಾ ಅಪ್ರೆಂಟಿಸ್‌ಗಳ ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧ ಕೇಂದ್ರದ್ದು. ಅಂದರೆ 2019ರ ದರದಲ್ಲಿ ಐಟಿಐ ಹುಡುಗನಿಗೆ ಫೌಂಡ್ರಿ ನಿಜವಾಗಿ ಕೊಡಬೇಕಾದ್ದು 5,500 ರೂಪಾಯಿ, ಪಿಎಫ್, ಇಎಸ್‌ಐಗಳ ಮಾಲೀಕರ ಪಾಲೂ ಇಲ್ಲ. ಇಷ್ಟು ಕಡಿಮೆ ಖರ್ಚಿನ ದಾರಿ ಇದ್ದೂ ನೋಂದಾಯಿಸದೆ ‘ಟ್ರೈನಿ’ ಎಂದು ಇಟ್ಟುಕೊಳ್ಳುವವರಿಗೆ ತೊಂದರೆ ದುಡ್ಡಿನದಲ್ಲ. ನೋಂದಾಯಿಸಿದರೆ ತರಬೇತಿಯನ್ನು ನಿಜಕ್ಕೂ ಕೊಡಬೇಕಾಗುತ್ತದೆ, ಅವಧಿ ಮುಗಿದ ಮೇಲೆ ಪರೀಕ್ಷೆಗೂ ಕಳಿಸಬೇಕಾಗುತ್ತದೆ.

ನೋಂದಾಯಿತ ಅಪ್ರೆಂಟಿಸ್‌ಗೆ ಇರುವ ಹಕ್ಕುಗಳೂ ಸಣ್ಣವಲ್ಲ, ಗೊತ್ತಿರುವವರು ಕಡಿಮೆ ಅಷ್ಟೇ. 13ನೇ ಸೆಕ್ಷನ್ ಪ್ರಕಾರ ಪೀಸ್ ಲೆಕ್ಕದಲ್ಲಿ ಅವನಿಗೆ ದುಡ್ಡು ಕೊಡುವಂತಿಲ್ಲ, ಉತ್ಪಾದನೆಯ ಬೋನಸ್ ಸ್ಕೀಮಿಗೆ ಎಳೆಯುವಂತಿಲ್ಲ. ಜಾಬ್ ಕಾರ್ಡಿನಲ್ಲಿ ಪೀಸು ಎಣಿಸಿ ‘ಇಂದು ಟಾರ್ಗೆಟ್ ಆಗಿಲ್ಲ’ ಎಂದು ಸ್ಟೈಪೆಂಡ್ ಮುರಿದುಕೊಂಡರೆ ಅದು ಕಾಯ್ದೆಯ ನೇರ ಉಲ್ಲಂಘನೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತಿಲ್ಲ. ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬರಬೇಕು. ಕಾರ್ಖಾನೆಗಳ ಸುರಕ್ಷತೆ, ಆರೋಗ್ಯದ ನಿಯಮಗಳು ಅವನಿಗೂ ಅನ್ವಯ. ಕೆಲಸದ ಜಾಗದಲ್ಲಿ ಪೆಟ್ಟಾದರೆ 16ನೇ ಸೆಕ್ಷನ್ ಪ್ರಕಾರ ಮಾಲೀಕ ಪರಿಹಾರ ಕೊಡಬೇಕು.

ಈ ಪರಿಹಾರದ ವಿಷಯದಲ್ಲಿ ಒಂದು ಕೊಕ್ಕೆಯಿದೆ. ಲೆಕ್ಕ ಹಾಕುವಾಗ ‘ವೇತನ’ ಎಂದು ಹಿಡಿಯುವುದು ಸ್ಟೈಪೆಂಡನ್ನೇ. ಕರಗಿದ ಕಬ್ಬಿಣದ ಲ್ಯಾಡಲ್ ಪಕ್ಕ ನಿಂತವನಿಗೂ ಅವನ ಸೀನಿಯರ್‌ಗೂ ಒಂದೇ ಬೆಂಕಿ, ಬೆರಳು ಹೋದಾಗ ಮಾತ್ರ ಬೆಲೆ ಬೇರೆ. ಸ್ಟೈಪೆಂಡ್ ನಿಂತಲ್ಲೇ ನಿಂತರೆ ಅದರ ಜತೆ ಆ ಬೆಲೆಯೂ ನಿಲ್ಲುತ್ತದೆ.

ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಕೊಡಬೇಕು. ಸಹಿ ಹಾಕುವ ಮುಂಚೆ ಓದುವುದು ಯಾಕೆ ಮುಖ್ಯ ಎಂಬುದಕ್ಕೆ ಇದೊಂದೇ ಸಾಕು. ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಉಳಿದದ್ದೆಲ್ಲ ಸಮನಾಗಿದ್ದರೆ ತರಬೇತಿ ಮುಗಿಸಿದ ಅಪ್ರೆಂಟಿಸ್‌ಗೆ ನೇರ ನೇಮಕಾತಿಯಲ್ಲಿ ಆದ್ಯತೆ ಸಿಗಬೇಕು ಎಂದಿತು. ರೈಲ್ವೆಯಲ್ಲಂತೂ ಲೆವೆಲ್ 1 ಹುದ್ದೆಗಳಲ್ಲಿ ಶೇ 20ರಷ್ಟು ಅಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ಆದ್ದರಿಂದಲೇ ಶಿವಮೊಗ್ಗದ ಐಟಿಐ ಹುಡುಗರು ಮೈಸೂರಿನ ರೈಲ್ವೆ ವರ್ಕ್‌ಶಾಪ್‌ನ ನೋಟಿಫಿಕೇಶನ್‌ಗೆ ಕಣ್ಣಿಟ್ಟಿರುವುದು.

2025ರ ಮೇ ತಿಂಗಳಲ್ಲಿ ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ ಸ್ಟೈಪೆಂಡನ್ನು ಶೇ 36ರಷ್ಟು ಏರಿಸುವಂತೆ, ಅಂದರೆ 5,000ದಿಂದ 9,000ದವರೆಗಿನ ದರವನ್ನು 6,800ರಿಂದ 12,300ಕ್ಕೆ ಒಯ್ಯುವಂತೆ ಶಿಫಾರಸು ಮಾಡಿತು. ಆದರೆ ಬೆಲೆ ಸೂಚ್ಯಂಕಕ್ಕೆ ಸ್ಟೈಪೆಂಡನ್ನು ಕಟ್ಟಿಹಾಕದೆ ಬರೀ ಅಂಕಿ ಬದಲಿಸಿದರೆ ಇನ್ನಾರು ವರ್ಷಕ್ಕೆ ಮತ್ತೆ ಇದೇ ಪಾಡು, ಮತ್ತೊಂದು ಶಿಫಾರಸು. 2014ರ 70-80-90ರ ಸೂತ್ರವನ್ನೇ ವಾಪಸ್ ತರುವುದು ಸುಲಭ. ಬರೆದ ನಿಯಮ ಹಳೇ ಗೆಜೆಟ್‌ನಲ್ಲೇ ಇದೆ.

ಅದು ದಿಲ್ಲಿಯ ಕೆಲಸ. ಶಿವಮೊಗ್ಗದಲ್ಲೇ ಆಗಬಹುದಾದ ಕೆಲಸವೂ ಒಂದಿದೆ. ಗುತ್ತಿಗೆಯವರನ್ನೂ ಸೇರಿಸಿ 30 ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯೂ ಅವರ ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ತೆಗೆದುಕೊಳ್ಳದಿದ್ದರೆ ಜೈಲು ಎಂಬ ಮಾತನ್ನು 2014ರಲ್ಲಿ ಕೈಬಿಟ್ಟು, ಕೊರತೆಯಾದ ಒಬ್ಬೊಬ್ಬ ಅಪ್ರೆಂಟಿಸ್‌ಗೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಆಮೇಲೆ 1,000 ರೂಪಾಯಿ ದಂಡ ಎಂದು ಮಾಡಿದರು. ಅಪ್ರೆಂಟಿಸ್‌ನ ಸ್ಟೈಪೆಂಡ್‌ಗಿಂತ ದಂಡವೇ ಅಗ್ಗ, ಅದಿರಲಿ. ಜಿಲ್ಲೆಯಲ್ಲಿ 30 ದಾಟಿದ ಕಾರ್ಖಾನೆಗಳ ಪಟ್ಟಿ ಕಾರ್ಖಾನೆಗಳ ಇಲಾಖೆಯಲ್ಲಿದೆ. ಯಾವ ಸಂಸ್ಥೆಯಲ್ಲಿ ಎಷ್ಟು ಒಪ್ಪಂದ ನೋಂದಣಿಯಾಗಿದೆ ಎಂಬುದು ಪೋರ್ಟಲ್‌ನಲ್ಲಿದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೌಶಲ ಸಮಿತಿ ಮೂರು ತಿಂಗಳಿಗೊಮ್ಮೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು, ಶಿವಮೊಗ್ಗ ಮತ್ತು ಭದ್ರಾವತಿಯ ಸರ್ಕಾರಿ ಐಟಿಐಗಳ ನೋಟಿಸ್ ಬೋರ್ಡಿಗೆ ಅಂಟಿಸಲಿ. ಯಾವ ಶೆಡ್ಡಿನಲ್ಲಿ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ, ಎಷ್ಟು ‘ಟ್ರೈನಿ’ಗಳಿದ್ದಾರೆ ಎಂದು ಹುಡುಗರೇ ಎಣಿಸಿಕೊಳ್ಳುತ್ತಾರೆ.